ಪುಣೇರಿ ಪಾಟಿಯ ಹಿಂದೆ

ಪುಣೆಯ ಹಳೆಯ ಪೇಟೆಗಳಲ್ಲಿ ನಡೆದಾಡಿದವರಿಗೆ ‘ಪುಣೇರಿ ಪಾಟಿ’ ಹೊಸದಲ್ಲ. ಪಾಟಿ ಎಂದರೆ ಫಲಕ. ಸದಾಶಿವ ಪೇಟೆ, ನಾರಾಯಣ ಪೇಟೆ, ಶನಿವಾರ ಪೇಟೆಗಳ ಗೇಟುಗಳಿಗೆ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲ್ಭಾಗಕ್ಕೆ, ಹಳೆಯ ವಾಡೆಗಳ ಬಾಗಿಲಿಗೆ ತೂಗುಹಾಕಿದ ಈ ಫಲಕಗಳು, ಓದುವವನು ತಪ್ಪಿತಸ್ಥನೆಂದು ಮೊದಲೇ ತೀರ್ಮಾನಿಸಿದಂತೆ ಮಾತಾಡುತ್ತವೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕರೆಗಂಟೆ ಒತ್ತಬಾರದು. ಇಲ್ಲಿ ಯಾರ ವಿಳಾಸವನ್ನೂ ವಿಚಾರಿಸಬಾರದು. ಗೇಟಿನ ಮುಂದೆ ವಾಹನ ನಿಲ್ಲಿಸಿದರೆ ಚಕ್ರದ ಗಾಳಿ ಬಿಡಲಾಗುವುದು. ದಯವಿಟ್ಟು ಎಂಬ ಪದಕ್ಕೆ ಅಲ್ಲಿ ಜಾಗವಿರುವುದು ಅಪರೂಪ. ಪು. ಲ. ದೇಶಪಾಂಡೆಯವರು ಪುಣೇಕರನನ್ನು ಮುಂಬೈಕರ ಮತ್ತು ನಾಗಪುರಕರರ ಪಕ್ಕದಲ್ಲಿ ನಿಲ್ಲಿಸಿ ಬರೆದ ಹಾಸ್ಯಲೇಖನವನ್ನು ಮರಾಠಿಗರು ಇಂದಿಗೂ ನೆನೆದು ನಗುತ್ತಾರೆ. ಆ ನಗೆಯಲ್ಲಿ ಪುಣೇಕರರೇ ಎಲ್ಲರಿಗಿಂತ ಮುಂದಿರುತ್ತಾರೆ.

ಹಳೆಯ ಮೈಸೂರು ಸೀಮೆಯಿಂದ ಹೋದ ನಮ್ಮಂಥವರಿಗೆ ಇದು ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನಂತಿತ್ತು. ನಮ್ಮ ಕಡೆಯಲ್ಲಿ ಸೌಜನ್ಯವೆಂದರೆ ಮೊದಲು ಮಾತು. ‘ಬನ್ನಿ, ಕೂತ್ಕೊಳ್ಳಿ, ಒಂದ್ ಲೋಟ ಕಾಫಿ ಕುಡ್ಕೊಂಡು ಹೋಗಿ’ ಎಂಬ ಮೂರು ಕರೆಗಳಿಲ್ಲದೆ ಯಾರನ್ನೂ ಬೀಳ್ಕೊಡುವ ರೂಢಿಯಿಲ್ಲ; ಕಾಫಿ ನಿಜವಾಗಿ ಬರುತ್ತದೆಯೋ ಇಲ್ಲವೋ, ಅದು ಎರಡನೆಯ ಮಾತು. ಆದ್ದರಿಂದ ಮಾತು ಒರಟಾದಲ್ಲಿ ಮನಸ್ಸೂ ಒರಟೇ ಇದ್ದೀತು ಎಂದು ಎಣಿಸುವುದು ನಮಗೆ ಸಹಜ. ಪುಣೆಯಲ್ಲಿ ಕಳೆದ ದಿನಗಳು ಈ ಎಣಿಕೆಯನ್ನು ನಿಧಾನವಾಗಿ ತಿದ್ದಿದವು. ನಯವಾದ ಮಾತು ಮತ್ತು ಅಪರಿಚಿತರ ಮೇಲಿನ ಕರುಣೆ ಒಂದೇ ಮನೆಯಲ್ಲಿ ಇರಲೇಬೇಕೆಂಬ ನಿಯಮವಿಲ್ಲ; ಎಷ್ಟೋ ಸಲ ಅವು ಬೇರೆ ಬೇರೆ ಬಾಡಿಗೆ ಮನೆಗಳಲ್ಲಿ ವಾಸಿಸುತ್ತವೆ. ಈ ಬರಹ ಆ ತಿಳಿವಿನ ಕುರಿತದ್ದು.

ನಾವು ಎಂದರೆ ಇಲ್ಲಿ ಮೂವರು: ನಾವಿಬ್ಬರು ದಂಪತಿಗಳು ಮತ್ತು ನಮ್ಮಿಬ್ಬರಲ್ಲಿ ಒಬ್ಬರ ಹೆತ್ತ ತಾಯಿ, ಆದರೆ ಇಬ್ಬರಿಗೂ ಅಮ್ಮನಾದವರು. 2022ರ ಬೇಸಿಗೆಯ ಕೊನೆಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ವರ್ಗಾವಣೆ ಆದೇಶ ನಮ್ಮನ್ನು ಪುಣೆಗೆ ಕರೆದೊಯ್ದಿತು. ಅಮ್ಮ ಹಾಸನದ ಕಡೆಯ ಹಳ್ಳಿಯವರು. ಕನ್ನಡವನ್ನು ಬಿಟ್ಟರೆ ಬೇರೆ ಭಾಷೆ ಬಾರದು. ಬರಬೇಕೆಂಬ ಅಗತ್ಯವೂ ಎಪ್ಪತ್ತು ವರ್ಷಗಳ ಬಾಳಿನಲ್ಲಿ ಅವರಿಗೆ ಒದಗಿರಲಿಲ್ಲ. ಬಾಡಿಗೆಗೆ ಮನೆ ಹುಡುಕುವಾಗ ಒಂದೆರಡು ಬಾಗಿಲುಗಳು ನಮ್ಮ ಮಾತಿನ ಧಾಟಿ ಕೇಳಿದೊಡನೆ ಮುಚ್ಚಿಕೊಂಡವು. ಕೊನೆಗೆ ಸಿಕ್ಕ ಮನೆಯ ಗೇಟಿನಲ್ಲಿ ಕೆಳಮಹಡಿಯ ಹಿರಿಯರೊಬ್ಬರು ತಮ್ಮ ಕೈಯಿಂದಲೇ ಬರೆದು ತೂಗುಹಾಕಿದ್ದ ಪಾಟಿಯೊಂದಿತ್ತು: ವಾಹನವನ್ನು ಗೆರೆಯ ಒಳಗೆ ನಿಲ್ಲಿಸಲು ಬಾರದವರು ವಾಹನವನ್ನು ಇಟ್ಟುಕೊಳ್ಳಬಾರದು ಎಂಬ ಅರ್ಥದ್ದು. ನಮ್ಮ ಕರ್ನಾಟಕದ ನೋಂದಣಿಯ ಕಾರು ಗೆರೆಯ ಒಳಗೇ ನಿಂತಿತು. ಆ ಹಿರಿಯರು ಬಂದು ನೋಡಿ, ಏನೂ ಹೇಳದೆ ಹೋದರು. ಮುಂದಿನ ಆರು ತಿಂಗಳು ಅವರಿಗೂ ನಮಗೂ ಇದ್ದ ಸಂಬಂಧ ಅಷ್ಟೇ.

ನಾವು ಹೋದ ಜೂನ್ ತಿಂಗಳಿನಲ್ಲೇ ಪಂಢರಪುರದ ವಾರಿ ಬಂತು. ಕೊರೋನಾದ ಎರಡು ವರ್ಷ, 2020 ಮತ್ತು 2021ರಲ್ಲಿ, ಸಂತರ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋಗಿದ್ದವು. 2022ರಲ್ಲಿ ಜನ ಮತ್ತೆ ಕಾಲ್ನಡಿಗೆಯಲ್ಲಿ ಹೊರಟರು. ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ. ಎರಡೂ ಪುಣೆಗೆ ಬಂದು ಎರಡು ರಾತ್ರಿ ತಂಗುತ್ತವೆ. ಒಂದು ಭವಾನಿ ಪೇಟೆಯ ಪಾಲಖಿ ವಿಠೋಬಾ ಗುಡಿಯಲ್ಲಿ, ಇನ್ನೊಂದು ನಾನಾ ಪೇಟೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ. ಆಮೇಲೆ ಹಡಪಸರದವರೆಗೆ ಹೋಗಿ ದಾರಿ ಬೇರೆಯಾಗುತ್ತವೆ: ಜ್ಞಾನೇಶ್ವರರದು ದಿವೆ ಘಾಟಿ ಹತ್ತಿ ಸಾಸವಡಕ್ಕೆ, ತುಕಾರಾಮರದು ಲೋಣಿ ಕಾಳಭೋರದ ಕಡೆಗೆ. ಒಟ್ಟು ಸುಮಾರು 250 ಕಿಲೋಮೀಟರುಗಳ ನಡಿಗೆ. ಆ ಎರಡು ದಿನ ಪುಣೆಯ ಜನ ರಸ್ತೆಗಿಳಿಯುವ ಬಗೆ ನೋಡಬೇಕಾದದ್ದು. ಫರ್ಗ್ಯುಸನ್ ಕಾಲೇಜು ರಸ್ತೆಯಿಂದ ಲಕ್ಷ್ಮೀ ರಸ್ತೆಯವರೆಗೆ ಬಾಳೆಹಣ್ಣು, ಚಹಾ, ಬಿಸ್ಕತ್ತು, ಮಳೆಗೆ ಹೊದೆಯುವ ಪ್ಲಾಸ್ಟಿಕ್ ಹಾಳೆ ಹಂಚುವವರ ಸಾಲು. ಚಮ್ಮಾರರು ಕಿತ್ತುಹೋದ ಚಪ್ಪಲಿಗಳನ್ನು ಹಣ ಪಡೆಯದೆ ಹೊಲಿದು ಕೊಡುತ್ತಾರೆ. ಕ್ಷೌರಿಕರು ಉಚಿತವಾಗಿ ಕ್ಷೌರ ಮಾಡುತ್ತಾರೆ. ಎಣ್ಣೆ ಹಚ್ಚಿ ಕಾಲು ನೀವುವವರೂ ಇದ್ದಾರೆ. ಯಾರು ಯಾರ ಕಾಲು ನೀವುತ್ತಿದ್ದಾರೆ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಅಮ್ಮನಿಗೆ ಪಲ್ಲಕ್ಕಿ ನೋಡುವ ಆಸೆ. ಲಕ್ಷ್ಮೀ ರಸ್ತೆಯ ಒಂದು ಬದಿಯಲ್ಲಿ ಮೂವರೂ ನಿಂತಿದ್ದೆವು. ತಾಳ, ಮೃದಂಗ, ತಲೆಯ ಮೇಲೆ ತುಳಸಿಯ ಕಟ್ಟೆ ಹೊತ್ತ ಹೆಂಗಸರು, ಕೇಸರಿ ಪತಾಕೆಗಳು. ಒಂದು ದಿಂಡಿಯ ಹಿಂದೆ ಇನ್ನೊಂದು. ಪಲ್ಲಕ್ಕಿ ಹತ್ತಿರ ಬಂದಂತೆ ಜನ ಒಮ್ಮೆಲೆ ಮುಂದೆ ನುಗ್ಗಿದರು. ಆ ಅಲೆ ಇಳಿದಾಗ ಅಮ್ಮ ನಮ್ಮ ನಡುವೆ ಇರಲಿಲ್ಲ.

ಆ ಮುಂದಿನ ಒಂದೂವರೆ ಗಂಟೆಯನ್ನು ವಿವರಿಸುವುದು ಕಷ್ಟ. ಲಕ್ಷಾಂತರ ಜನರ ನಡುವೆ ಒಬ್ಬ ಮುದುಕಿ. ಉಟ್ಟ ಸೀರೆ, ಮುಡಿದ ಹೂವು, ಹಣೆಯ ಕುಂಕುಮ ಎಲ್ಲವೂ ಸುತ್ತಲಿನ ಸಾವಿರಾರು ಹೆಂಗಸರದ್ದೇ. ಪೊಲೀಸ್ ಚೌಕಿಯಲ್ಲಿ ಧ್ವನಿವರ್ಧಕದಿಂದ ಹೆಸರು ಕೂಗಿಸಿದೆವು. ಮರಾಠಿಯಲ್ಲಿ ಕೂಗಿದ ಹೆಸರು ಅಮ್ಮನ ಕಿವಿಗೆ ತಲುಪಿದರೂ ಅದರ ಸುತ್ತಲಿನ ಸೂಚನೆ ಅರ್ಥವಾಗುವಂತಿರಲಿಲ್ಲ. ಕೊನೆಗೆ ದೂರವಾಣಿ ಬಡಿದುಕೊಂಡಿತು. ಆ ಕಡೆಯಿಂದ ಬಂದದ್ದು ಉತ್ತರ ಕರ್ನಾಟಕದ ಕನ್ನಡ: ‘ನಿಮ್ಮ ಅವ್ವಾರು ನಮ್ಮ ಹಂತ್ಯಾಕ ಅದಾರ್ರಿ. ಕಾಳಜಿ ಮಾಡಬ್ಯಾಡ್ರಿ, ಸಾವಕಾಶ ಬರ್ರಿ.’

ನಡೆದದ್ದನ್ನು ಆಮೇಲೆ ಅಮ್ಮನಿಂದ, ಆ ದನಿಯ ಒಡೆಯರಿಂದ ಕೇಳಿ ಜೋಡಿಸಿಕೊಂಡೆವು. ಜನರ ಒತ್ತಡಕ್ಕೆ ಸಿಕ್ಕಿದ ಅಮ್ಮ ಒಂದು ಅಡ್ಡಬೀದಿಯ ಬಾಯಿಗೆ ಬಂದು ನಿಂತಿದ್ದರು. ಅಲ್ಲಿ ಬುಟ್ಟಿ ಇಟ್ಟುಕೊಂಡು ಹೂ, ತುಳಸಿಮಾಲೆ ಮಾರುತ್ತಿದ್ದ ಹೆಂಗಸು ಇವರ ಮುಖ ನೋಡಿಯೇ ಸಂಗತಿ ತಿಳಿದಳು. ತಾನು ಕೂತಿದ್ದ ಮಣೆಯನ್ನು ಬಿಟ್ಟುಕೊಟ್ಟಳು, ಚಹಾ ತರಿಸಿದಳು. ಅಮ್ಮ ಎಲೆಯಡಿಕೆಯ ಸಂಚಿಯಿಂದ ಒಂದು ಚೀಟಿ ತೆಗೆದು ತೋರಿಸಿದರು. ನಮ್ಮ ದೂರವಾಣಿಯ ಸಂಖ್ಯೆಯನ್ನು ಅವರು ಸ್ವತಃ ಬರೆದಿಟ್ಟುಕೊಂಡಿದ್ದ ಚೀಟಿ ಅದು. ಬರೆದದ್ದು ಕನ್ನಡದ ಅಂಕಿಗಳಲ್ಲಿ. ಎರಡು, ಮೂರು ಎಂಬ ಅಂಕಿಗಳಲ್ಲಿ ಕನ್ನಡಕ್ಕೂ ಮರಾಠಿಗೂ ಒಡಹುಟ್ಟಿದವರ ಹೋಲಿಕೆಯಿದೆ. ಉಳಿದವು ಆ ಹೆಂಗಸಿಗೆ ಬಿಡಿಸಲಾಗದ ಒಗಟು. ಅವಳು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ವ್ಯಾಪಾರದ ಅತ್ಯಂತ ಬಿಡುವಿಲ್ಲದ ಹೊತ್ತಿನಲ್ಲಿ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಚೀಟಿಯನ್ನು ಹಿಡಿದು ದಿಂಡಿಗಳ ನಡುವೆ ಇಳಿದಳು. ಹಾದುಹೋಗುವ ಪ್ರತಿ ದಿಂಡಿಯನ್ನೂ ಅವಳು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಲ್ಲಿ ಕಾನಡಿ ಬಲ್ಲವರು ಇದ್ದಾರೆಯೇ? ಬೆಳಗಾವಿ ಜಿಲ್ಲೆಯ ದಿಂಡಿಗಳು ವಾರಿಯಲ್ಲಿ ಹೊಸತೇನಲ್ಲ. ಕಡೆಗೆ ಅಥಣಿಯ ಕಡೆಯ ಒಬ್ಬ ವೃದ್ಧ ವಾರಕರಿ ಸಿಕ್ಕಿದರು. ತಮ್ಮ ದಿಂಡಿ ಮುಂದೆ ಹೋಗುವುದನ್ನು ನೋಡುತ್ತಲೇ ಅವರು ಹಿಂದುಳಿದರು, ಅಂಕಿಗಳನ್ನು ಓದಿ ಕರೆ ಮಾಡಿದರು, ನಾವು ಬರುವವರೆಗೆ ಅಮ್ಮನ ಪಕ್ಕದಲ್ಲಿ ಕೂತು ಅಥಣಿಯ ಮಳೆಬೆಳೆಯ ಮಾತಾಡಿದರು.

ನಾವು ಓಡೋಡಿ ಹೋದಾಗ ಹೂವಿನ ಹೆಂಗಸು ಮತ್ತೆ ತನ್ನ ಬುಟ್ಟಿಯ ಮುಂದೆ ಇದ್ದಳು. ಕೃತಜ್ಞತೆ ಹೇಳಹೊರಟ ನಮ್ಮನ್ನು ಗದರಿದಳು: ದಾರಿಯಲ್ಲಿ ನಿಲ್ಲಬೇಡಿ, ಗಿರಾಕಿಗಳಿಗೆ ಅಡ್ಡವಾಗುತ್ತದೆ. ನೋಟು ಹಿಡಿದ ಕೈಯನ್ನು ಅತ್ತ ಸರಿಸಿ, ಒಂದು ತುಳಸಿಮಾಲೆಯನ್ನು ಅಮ್ಮನ ಕೈಗಿತ್ತು, ಅದಕ್ಕೆ ಮಾತ್ರ ಹತ್ತು ರೂಪಾಯಿ ತೆಗೆದುಕೊಂಡಳು. ವಾರಕರಿ ಅಜ್ಜನವರು ಅಮ್ಮನ ಕಾಲು ಮುಟ್ಟಿ ‘ಮಾವುಲಿ’ ಎಂದು ನಮಸ್ಕರಿಸಿ ತಮ್ಮ ದಿಂಡಿಯನ್ನು ಹಿಡಿಯಲು ಬಿರುಸಾಗಿ ನಡೆದರು. ಅವರ ಹೆಸರನ್ನು ಕೇಳಲು ನಮಗೆ ಬಿಡುವಾಗಲಿಲ್ಲ. ಅವರೂ ನಮ್ಮ ಹೆಸರು ಕೇಳಲಿಲ್ಲ.

ಮಾವುಲಿ ಎಂದರೆ ತಾಯಿ. ವಾರಕರಿಗಳು ಜ್ಞಾನೇಶ್ವರರನ್ನು ಹಾಗೆ ಕರೆಯುತ್ತಾರೆ. ದಾರಿಯಲ್ಲಿ ಎದುರಾದ ಯಾರನ್ನಾದರೂ, ಗಂಡಸಾಗಲಿ ಹೆಂಗಸಾಗಲಿ, ಅದೇ ಹೆಸರಿನಿಂದ ಕರೆಯುತ್ತಾರೆ. ಈ ಒಂದು ಪದ ನಮ್ಮನ್ನು ಬಹಳ ಯೋಚಿಸುವಂತೆ ಮಾಡಿತು. ಅಪರಿಚಿತನನ್ನು ಏನೆಂದು ಕರೆಯಬೇಕು ಎಂಬುದು ಪ್ರತಿ ಊರಿಗೂ ಇರುವ ತೊಡಕು. ಊರು, ಜಾತಿ, ಭಾಷೆ ತಿಳಿದ ಮೇಲೆ ಸಂಬೋಧನೆ ನಿಶ್ಚಯವಾಗುವುದು ನಮ್ಮ ಸಮಾಜದ ವಾಡಿಕೆ. ವಾರಿಯ ದಾರಿಯಲ್ಲಿ ಸಂಬೋಧನೆ ಮೊದಲೇ ನಿಶ್ಚಯವಾಗಿರುವುದರಿಂದ ವಿಚಾರಣೆಯ ಅಗತ್ಯವೇ ಉಳಿಯುವುದಿಲ್ಲ. ಇನ್ನು ಅವರೆಲ್ಲ ನಡೆದು ಹೋಗುವುದು ಯಾರ ಬಳಿಗೆ? ಜ್ಞಾನೇಶ್ವರರ ಹೆಸರಿನ ಅಭಂಗವೊಂದು ವಿಠ್ಠಲನನ್ನು ಕಾನಡಾ ಎಂದು, ಕರ್ನಾಟಕದವನೆಂದು ಬಣ್ಣಿಸುತ್ತದೆ. ನಮ್ಮ ಪುರಂದರದಾಸರ ಅಂಕಿತವೂ ಅವನ ಹೆಸರೇ. ಭಾಷೆಯ ಗಡಿಯ ಈಚೆಯವನೊಬ್ಬನನ್ನು ಕಾಣಲು ಮರಾಠಿ ನಾಡು ಪ್ರತಿ ಆಷಾಢದಲ್ಲೂ ನಡೆದು ಹೋಗುತ್ತದೆ.

ವಾರಿಯ ದಿನಗಳ ದಾನವನ್ನು ಭಕ್ತಿಯ ಆವೇಶವೆಂದು ತಳ್ಳಿಹಾಕುವವರಿದ್ದಾರೆ. ಎರಡು ದಿನದ ಒಳ್ಳೆಯತನದಿಂದ ಏನು ಬಂತು ಎಂಬ ಪ್ರಶ್ನೆ ನಿರರ್ಥಕವಲ್ಲ. ಆದರೆ ಹೂ ಮಾರುವ ಹೆಂಗಸು ಚೀಟಿ ಹಿಡಿದು ಬೀದಿಗಿಳಿದಾಗ ಅವಳಲ್ಲಿ ಆವೇಶವೇನೂ ಕಾಣಿಸಲಿಲ್ಲವೆಂದು ಅಮ್ಮ ಹೇಳುತ್ತಾರೆ. ಒಲೆಯ ಮೇಲಿನ ಹಾಲು ಉಕ್ಕಿದರೆ ಇಳಿಸುವಂತೆ, ಮಾಡಬೇಕಾದ ಕೆಲಸವೊಂದನ್ನು ಮಾಡಿದಳಂತೆ. ವರ್ಷ ವರ್ಷವೂ ಗುರುತಿಲ್ಲದವರಿಗೆ ನೀರು ಕೊಡುವುದನ್ನು ನೋಡುತ್ತ ಬೆಳೆದವರಿಗೆ ಅದು ಒಂದು ಕೈಚಳಕವಾಗಿಬಿಡುತ್ತದೆ. ಭಾವನೆ ಇದ್ದರೂ ಇಲ್ಲದಿದ್ದರೂ ಕೈ ತಾನಾಗಿ ಮುಂದಾಗುತ್ತದೆ. ರೂಢಿಯನ್ನು ನಾವು ಹಗುರವಾಗಿ ಕಾಣುತ್ತೇವೆ. ಕರುಣೆಯು ರೂಢಿಯಾದ ಊರಿನಲ್ಲಿ ದಾರಿ ತಪ್ಪಿದ ಮುದುಕಿಗೆ ಬದುಕುವ ಅವಕಾಶ ಹೆಚ್ಚು.

ಪುಣೆಯ ಚರಿತ್ರೆಯಲ್ಲಿ ಇದಕ್ಕೆ ಇನ್ನೊಂದು ಬೇರೂ ಇದೆ. ಅದು ಗುಡಿಯಿಂದ ಬಂದದ್ದಲ್ಲ. 1863ರಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಇದೇ ನಗರದಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು. ಗರ್ಭಿಣಿಯರಾದ ವಿಧವೆಯರು ಯಾರಿಗೂ ತಿಳಿಯದಂತೆ ಬಂದು ಸುರಕ್ಷಿತವಾಗಿ ಹೆರಬಹುದು, ಮಗುವನ್ನು ಬಿಟ್ಟುಹೋಗಬೇಕೆಂದರೆ ಬಿಟ್ಟುಹೋಗಬಹುದು ಎಂಬ ಪ್ರಕಟಣೆಗಳನ್ನು ಜೋತಿರಾವ್ ಊರಿನ ಗೋಡೆಗಳ ಮೇಲೆ ಹಚ್ಚಿಸಿದರು. ಪುಣೆಯ ಗೋಡೆಯ ಮೇಲಿನ ಬರಹ ಎಂದಾಗ ನಮಗೆ ಈಗ ಮೊದಲು ನೆನಪಾಗುವುದು ಈ ಫಲಕ. ಅಲ್ಲಿಗೆ ಬಂದ ಕಾಶೀಬಾಯಿ ಎಂಬ ವಿಧವೆಯ ಮಗುವನ್ನೇ ದಂಪತಿಗಳು 1874ರಲ್ಲಿ ದತ್ತು ತೆಗೆದುಕೊಂಡು ಯಶವಂತ ಎಂದು ಬೆಳೆಸಿದರು, ಅವನು ವೈದ್ಯನಾದ. 1868ರಲ್ಲಿ ಜೋತಿರಾವ್ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ಗಂಜ್ ಪೇಟೆಯ ಫುಲೆ ವಾಡೆ ಇಂದು ಸ್ಮಾರಕವಾಗಿದೆ. 1897ರಲ್ಲಿ ಪ್ಲೇಗ್ ಮಾರಿ ಊರನ್ನು ಹೊಕ್ಕಾಗ ಸಾವಿತ್ರಿಬಾಯಿ, ಪ್ಲೇಗ್ ತಗುಲಿದ ಬಾಲಕನೊಬ್ಬನನ್ನು ಹೊತ್ತು ಯಶವಂತನ ಚಿಕಿತ್ಸಾಲಯಕ್ಕೆ ತಂದರು. ಅದೇ ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೊರಟ ಇದೇ ಸಾವಿತ್ರಿಬಾಯಿಯ ಮೇಲೆ ಸಗಣಿ, ಕೆಸರು ಎರಚಿದ್ದೂ ಇದೇ ಪುಣೆಯ ಬೀದಿಗಳು. ಒಂದು ಊರನ್ನು ಒಳ್ಳೆಯದು, ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕನ್ನಡಿಗರ ಮಟ್ಟಿಗಂತೂ ಪುಣೆ ಪೂರ್ತಿ ಪರಸ್ಥಳವೂ ಅಲ್ಲ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದರು. ಗೋಕಾಕರು ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು. ಆ ರಸ್ತೆಯ ವೈಶಾಲಿಯ ದೋಸೆಯ ಹಿಂದೆ ಇರುವುದು ದಕ್ಷಿಣ ಕನ್ನಡದ ಕೈ. ಆದರೆ ಅಪರಿಚಿತರ ಕರುಣೆಯ ಮಾತು ಬಂದಾಗ ನೆನೆಯಬೇಕಾದವರು ಭೀಮಸೇನ ಜೋಶಿಯವರು. 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಅರಸಿ ಮನೆ ಬಿಟ್ಟ ಗದಗಿನ ಹುಡುಗ ಕೈಯಲ್ಲಿ ಕಾಸಿಲ್ಲದೆ ಪುಣೆ, ಮುಂಬೈ, ಗ್ವಾಲಿಯರ್ ಎಂದು ಅಲೆದ. ರೈಲಿನಲ್ಲಿ ಹಾಡಿ ಸಹಪ್ರಯಾಣಿಕರ ಮನವೊಲಿಸಿ ಊರೂರು ದಾಟಿದ್ದನ್ನು ಅವರು ಆಮೇಲೆ ನೆನೆದುಕೊಳ್ಳುತ್ತಿದ್ದರು. ದೂರದ ಜಲಂಧರಿನಲ್ಲಿ ಆ ಹುಡುಗನನ್ನು ಕಂಡು, ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ ಅಲೆಯುತ್ತೀ ಎಂಬಂತೆ ದಾರಿ ತೋರಿದವರು ಪುಣೆಯ ವಿನಾಯಕರಾವ್ ಪಟವರ್ಧನರು. ಹುಡುಗ ಕುಂದಗೋಳಕ್ಕೆ ಮರಳಿದ. ಮುಂದೆ ಪುಣೆಯಲ್ಲೇ ನೆಲೆಸಿ, ಗುರುವಿನ ನೆನಪಿಗೆ 1953ರಲ್ಲಿ ಸಂಗೀತೋತ್ಸವ ಆರಂಭಿಸಿ, ಒಂದೇ ಕಂಠದಿಂದ ಮರಾಠಿಗರಿಗೆ ಅಭಂಗವನ್ನೂ ಕನ್ನಡಿಗರಿಗೆ ದಾಸರ ಪದವನ್ನೂ ಕೊಟ್ಟರು. ಆ ರೈಲುಗಳಲ್ಲಿ ಹುಡುಗನಿಗೆ ಕೂರಲು ಜಾಗ ಬಿಟ್ಟ, ತಿನ್ನಲು ಕೊಟ್ಟ ಹೆಸರಿಲ್ಲದ ಮಂದಿಗೆ ತಾವು ಯಾರಿಗೆ ಕೊಟ್ಟೆವೆಂಬುದು ತಿಳಿದಿರಲಾರದು.

ಇವೆಲ್ಲ ನಮ್ಮ ಪಾಲಿಗೆ ಓದಿದ, ಕೇಳಿದ ಸಂಗತಿಗಳಾಗಿಯೇ ಇದ್ದವು. ಡಿಸೆಂಬರ್ ಬಂತು. ಗಡಿ ವಿವಾದ ಮತ್ತೆ ಕಾವೇರಿತ್ತು. 2022ರ ಆ ಡಿಸೆಂಬರ್ ಮೊದಲ ವಾರದಲ್ಲಿ ಬೆಳಗಾವಿ ಸಮೀಪದ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಪುಣೆಯ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಅದೇ ತಿಂಗಳು ಪುಣೆಯಲ್ಲಿ ಕುಂದಗೋಳದ ಗಾಯಕನ ಹೆಸರಿನ ಉತ್ಸವಕ್ಕೂ ಸಾವಿರಾರು ಮಂದಿ ಸೇರಿದರು. ಎರಡೂ ನಿಜ. ಆದರೆ ಕಾರಿನ ಮುಂದೆ ಕರ್ನಾಟಕದ ಸಂಖ್ಯೆ ಇರುವವರಿಗೆ ಮೊದಲನೆಯ ಸುದ್ದಿ ಹೆಚ್ಚು ಹತ್ತಿರದ್ದು. ಕೆಲವು ದಿನ ಕಾರನ್ನು ಹೊರಗೆ ತೆಗೆಯದಿರುವುದೇ ಲೇಸೆಂದು ಸಹೋದ್ಯೋಗಿಗಳು ಹೇಳಿದರು. ಬೀದಿಯಲ್ಲಿ ದೂರವಾಣಿಯಲ್ಲಿ ಮಾತಾಡುವಾಗ ನಮ್ಮ ದನಿ ತಾನಾಗಿ ತಗ್ಗುತ್ತಿತ್ತು.

ಅಂಥ ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ, ಅಮ್ಮನಿಗೆ ಎದೆನೋವು ಬಂತು. ಬೆವರು, ಎಡತೋಳಿನ ಸೆಳೆತ; ಸಂದೇಹಕ್ಕೆ ಎಡೆಯಿರಲಿಲ್ಲ. ಇಬ್ಬರೂ ಅವರನ್ನು ಹಿಡಿದುಕೊಂಡು ಕೆಳಗಿಳಿದು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಕೆಳಮಹಡಿಯ ದೀಪ ಹೊತ್ತಿತು. ಪಾಟಿಯ ಹಿರಿಯರು ಹೊರಗೆ ಬಂದರು. ಅಮ್ಮನನ್ನು ನೋಡಿದರು, ನಮ್ಮ ಕಾರಿನ ಸಂಖ್ಯೆಯ ಕಡೆ ಒಮ್ಮೆ ನೋಡಿದರು, ‘ಇದು ಬೇಡ’ ಎಂದಷ್ಟೇ ಹಿಂದಿಯಲ್ಲಿ ಹೇಳಿ ತಮ್ಮ ಕಾರಿನ ಬೀಗದ ಕೈ ತಂದರು. ಸ್ವೆಟರಿನ ಗುಂಡಿಯನ್ನು ತಪ್ಪಾಗಿ ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ಅವರು ಆಡಿದ ಮಾತು ಒಂದೇ: ಸೀಟಿನ ಪಟ್ಟಿ ಹಾಕಿಕೊಳ್ಳಿ.

ಆಸ್ಪತ್ರೆಯಲ್ಲಿ ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿದೆ, ತಕ್ಷಣ ಸ್ಟೆಂಟ್ ಹಾಕಬೇಕು ಎಂದರು. ಕಾಗದಪತ್ರ, ಹಣ, ಔಷಧದಂಗಡಿಯ ನಡುವೆ ನಾವು ಓಡಾಡುವಾಗ ಅವರು ಅಮ್ಮನ ಮಂಚದ ಪಕ್ಕದಲ್ಲಿ ನಿಂತಿದ್ದರು. ಅಮ್ಮ ಕನ್ನಡದಲ್ಲಿ ಏನೋ ಕೇಳುತ್ತಿದ್ದರು, ಅವರು ಮರಾಠಿಯಲ್ಲಿ ಏನೋ ಹೇಳುತ್ತಿದ್ದರು. ನೀರು, ನೋವು, ದೇವರು ಎಂಬಷ್ಟರ ಆಚೆಗೆ ಆ ಹೊತ್ತಿನಲ್ಲಿ ಯಾವ ಭಾಷೆಗೂ ಹೆಚ್ಚಿನ ಕೆಲಸವಿರಲಿಲ್ಲ. ಬೆಳಗಿನ ಏಳಕ್ಕೆ ವೈದ್ಯರು ಹೊರಬಂದು ಅಪಾಯ ತಪ್ಪಿತೆಂದು ಹೇಳಿದಾಗ ಅವರು ಗಡಿಯಾರ ನೋಡಿ, ತಮಗೆ ಚಹಾದ ಹೊತ್ತಾಯಿತೆಂದು ಹೇಳಿ ಹೊರಟರು.

ಅಮ್ಮ ಮನೆಗೆ ಬಂದ ಮೇಲೆ ಹಣ್ಣಿನ ತಟ್ಟೆಯೊಡನೆ ಅವರ ಮನೆಗೆ ಹೋದೆವು. ಪೆಟ್ರೋಲಿನ ಹಣದ ಮಾತೆತ್ತಿದಾಗ ಸಿಡುಕಿದರು. ಆಮೇಲೆ ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದು ನಮ್ಮ ಮುಂದಿಟ್ಟರು: ಆಸ್ಪತ್ರೆಯ ಪಾರ್ಕಿಂಗ್ ಶುಲ್ಕ, ನಲವತ್ತು ರೂಪಾಯಿ. ಪೆಟ್ರೋಲು ತಮ್ಮ ಲೆಕ್ಕ, ಪಾರ್ಕಿಂಗ್ ರೋಗಿಯ ಕಡೆಯವರ ಲೆಕ್ಕ ಎಂದರು. ನಲವತ್ತು ರೂಪಾಯಿ ಕೊಟ್ಟೆವು, ಎಣಿಸಿ ತೆಗೆದುಕೊಂಡರು. ಗಡಿಯ ಗಲಾಟೆಯ ಕುರಿತಾಗಲಿ, ಆ ರಾತ್ರಿ ನಮ್ಮ ಕಾರು ಏಕೆ ಬೇಡವೆಂದರು ಎಂಬುದರ ಕುರಿತಾಗಲಿ ಅಂದೂ ಮುಂದೂ ಒಂದು ಮಾತೂ ಬರಲಿಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ ಬೈಬಲ್ಲಿನ ಒಳ್ಳೆಯ ಸಮಾರಿಯದವನ ಕಥೆಯನ್ನು ಹಿನ್ನೆಲೆಯ ಪಾಠವಾಗಿ ಓದಿದ್ದುಂಟು. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಅವನ ಜನರೇ ಆದ ಯಾಜಕ, ಲೇವಿಯ ಇಬ್ಬರೂ ನೋಡಿ ಸರಿದು ಹೋಗುತ್ತಾರೆ. ಎತ್ತಿ ಉಪಚರಿಸುವವನು, ಯೆಹೂದ್ಯರೊಂದಿಗೆ ಹಗೆಯಿದ್ದ ನೆರೆನಾಡಿನವನು. ಅಂದು ಗಮನಿಸದೆ ಬಿಟ್ಟ ಒಂದು ವಿವರ ಈಗ ಎದ್ದು ಕಾಣುತ್ತದೆ. ಆ ಸಮಾರಿಯದವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಎಣಿಸಿ ಕೊಡುತ್ತಾನೆ, ಹೆಚ್ಚು ಖರ್ಚಾದರೆ ಮರಳಿ ಬರುವಾಗ ತೀರಿಸುತ್ತೇನೆಂದು ಹೇಳಿ ತನ್ನ ದಾರಿ ಹಿಡಿಯುತ್ತಾನೆ. ಅವನ ಕರುಣೆಗೂ ಲೆಕ್ಕವಿತ್ತು. ತುಳಸಿಮಾಲೆಗೆ ಹತ್ತು, ಪಾರ್ಕಿಂಗಿಗೆ ನಲವತ್ತು ಎಂದು ಕೈಚಾಚಿದ ನಮ್ಮ ಇಬ್ಬರು ಪುಣೇಕರರೂ ಹಾಗೆಯೇ. ಆ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ ಎಂದು ನಮಗೆ ತೋರುತ್ತದೆ. ಎಲ್ಲವನ್ನೂ ಬೇಡವೆಂದುಬಿಟ್ಟರೆ ಪಡೆದವನು ಕೊನೆಯವರೆಗೆ ತಲೆ ತಗ್ಗಿಸಿಯೇ ಇರಬೇಕಾಗುತ್ತದೆ. ಸಣ್ಣದೊಂದು ಬಾಕಿಯನ್ನು ವಸೂಲು ಮಾಡಿಕೊಂಡರೆ ಇಬ್ಬರೂ ಸಮಾನರಾಗಿ ಎದ್ದು ಹೋಗಬಹುದು.

ದೊಡ್ಡ ಬಾಕಿ ಹೇಗೂ ತೀರುವಂಥದ್ದಲ್ಲ. ಕನ್ನಡದಲ್ಲಿ ಅದಕ್ಕೆ ಋಣ ಎನ್ನುತ್ತೇವೆ. ಅನ್ನದ ಋಣ, ನೀರಿನ ಋಣ. ಕೊಟ್ಟವನಿಗೇ ಅದನ್ನು ಮರಳಿಸಬೇಕೆಂದು ಹೊರಟರೆ ಅಥಣಿಯ ಅಜ್ಜನನ್ನು ಎಲ್ಲಿ ಹುಡುಕುವುದು? ದಾರಿಯಲ್ಲಿ ಪಡೆದದ್ದನ್ನು ದಾರಿಯಲ್ಲೇ ಮುಂದಿನವನಿಗೆ ಒಪ್ಪಿಸಬೇಕು. ಕರ್ನಾಟಕದ ಯಾವುದೋ ಬಸ್ ನಿಲ್ದಾಣದಲ್ಲಿ ಮರಾಠಿ ಅಂಕಿಗಳ ಚೀಟಿ ಹಿಡಿದು ನಿಂತ ಮುದುಕಿಯೊಬ್ಬಳು ಕಂಡಾಗ ಏನು ಮಾಡುತ್ತೇವೆ ಎಂಬುದರಲ್ಲಿ ಮಾತ್ರ ಈ ಋಣದ ಲೆಕ್ಕ ಚುಕ್ತಾ ಆಗಬಹುದು. ಗಡಿಯ ಪ್ರಶ್ನೆಯನ್ನು ನ್ಯಾಯಾಲಯ, ಸರ್ಕಾರಗಳು ನೋಡಿಕೊಳ್ಳಲಿ. ಚೀಟಿಯನ್ನು ಓದುವ ಕೆಲಸ ನಮ್ಮದು.

2023ರ ಜೂನ್‌ನಲ್ಲಿ ಪಲ್ಲಕ್ಕಿಗಳು ಮತ್ತೆ ಪುಣೆಗೆ ಬಂದವು. ಅಮ್ಮ ಈ ಸಲ ನೋಡುವುದಕ್ಕೆ ಮಾತ್ರ ಬರುವು­ದಿಲ್ಲವೆಂದರು. ಹೆಚ್ಚು ಹೊತ್ತು ನಿಲ್ಲಬಾರದೆಂದು ವೈದ್ಯರು ಹೇಳಿದ್ದರಿಂದ ಕೆಳಮಹಡಿಯ ಕಾಕಾ ತಮ್ಮ ಮಡಚುವ ಕುರ್ಚಿಯನ್ನು ಕೊಟ್ಟರು. ಅದರ ಬೆನ್ನಿಗೆ ಬಣ್ಣದಲ್ಲಿ ಅವರ ಮನೆಯ ಸಂಖ್ಯೆ, ಕೆಳಗೆ ‘ಅದೇ ದಿನ ಹಿಂತಿರುಗಿಸತಕ್ಕದ್ದು’ ಎಂಬ ಅರ್ಥದ ಮರಾಠಿ ಬರಹ. ರಸ್ತೆಯ ಬದಿಯಲ್ಲಿ ನೀರು, ಬಾಳೆಹಣ್ಣು ಹಂಚುವವರ ಸಾಲಿನಲ್ಲಿ ಅಮ್ಮ ಆ ಕುರ್ಚಿಯ ಮೇಲೆ ಕೂತು, ಹಾದುಹೋಗುವ ದಿಂಡಿಗಳನ್ನು ಕುರಿತು ‘ಕನ್ನಡ ಬರುತ್ತೇನ್ರಪ್ಪಾ, ಏನಾದ್ರೂ ಬೇಕೇನ್ರಮ್ಮಾ’ ಎಂದು ಮಧ್ಯಾಹ್ನವಿಡೀ ಕೂಗಿದರು. ರಾಯಬಾಗದ ಕಡೆಯ ಒಬ್ಬಾಕೆ ನೀರು ಕುಡಿದು, ಒಂದೆರಡು ಮಾತಾಡಿ, ಹಣ್ಣು ಮಡಿಲಿಗೆ ಹಾಕಿಕೊಂಡು ನಡೆದಳು. ಮತ್ತೊಬ್ಬ ಹುಡುಗನಿಗೆ ಅಂಗಾಲಿನ ಗುಳ್ಳೆಗೆ ಔಷಧ ಎಲ್ಲಿ ಸಿಗುತ್ತದೆಂದು ಕೇಳಿ ಹೇಳಿದೆವು. ಉಳಿದವರಲ್ಲಿ ಬಹಳ ಮಂದಿ ಮರಾಠಿಗರೇ. ಅಮ್ಮನ ಕನ್ನಡ ತಿಳಿಯದಿದ್ದರೂ ಕೈ ಮುಗಿದು ಮಾವುಲಿ ಎಂದು ಮುಂದೆ ಹೋದರು.

ಸಂಜೆ ಕುರ್ಚಿಯನ್ನು ಹಿಂತಿರುಗಿಸಿದಾಗ ಕಾಕಾ ಅದನ್ನು ಬಿಡಿಸಿ, ನಾಲ್ಕೂ ಕಾಲುಗಳನ್ನು ಅಲುಗಿಸಿ ನೋಡಿ, ಸರಿಯಿದೆ ಎಂದು ಒಳಗಿಟ್ಟುಕೊಂಡರು.